ಅಮ್ಮ ದಾಟಿಸುತ್ತಿದ್ದ ಮಾತು

ಉಡುಪಿ ಹತ್ತಿರದ ಕಾಪು ಕಡೆಯ, ತಾಯಿ ತೀರಿಕೊಂಡ ಮೇಲೆ ಒಡೆದುಹೋಗುವ, ಬಂಟ ಸಮುದಾಯದ ಒಂದು ಮನೆತನವನ್ನು ಕುರಿತ ಕಾದಂಬರಿಯನ್ನು ನಾನು ಮೂರು ಸಲ ಬರೆದಿದ್ದೇನೆ. ಮೊದಲ ಕರಡಿನಲ್ಲಿ ತಾಯಿ ಮೊದಲ ಪುಟದಲ್ಲೇ ತೀರಿಕೊಂಡಿದ್ದಳು. ಮುಂದಿನ ನಲವತ್ತು ಪುಟಗಳಲ್ಲಿ ಗಂಡ, ಇಬ್ಬರು ಗಂಡುಮಕ್ಕಳು, ಮಗಳು ಸರದಿಯ ಮೇಲೆ ಅಳುತ್ತಿದ್ದರು. ಅದನ್ನು ಓದಿದ ಗೆಳತಿಯೊಬ್ಬರು, "ಇಷ್ಟು ಅತ್ತವರು ಬೇರೆಯಾಗುವುದೇಕೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ತಾಯಿ ಬದುಕಿದ್ದಾಗ ದಿನವಿಡೀ ಏನೇನು ಮಾಡುತ್ತಿದ್ದಳೆಂದು ನೋಟ್‌ಬುಕ್ಕಿನಲ್ಲಿ ಬರೆಯಲು ಕುಳಿತಾಗ ಉತ್ತರ ಸಿಕ್ಕಿತು. ಅಡುಗೆ, ಹಟ್ಟಿಯ ಕೆಲಸ, ಬೇಸಗೆಯ ಹಲಸಿನ ಹಪ್ಪಳ ಇವನ್ನೆಲ್ಲ ಸೊಸೆಯೋ ಆಳುಗಳೋ ಮುಂದುವರಿಸಬಹುದು. ಬೇರೆ ಯಾರಿಂದಲೂ ಆಗದ ಕೆಲಸವೆಂದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದು. ಮುಂಬಯಿಯಲ್ಲಿ ಹೋಟೆಲು ನಡೆಸುವ ಹಿರಿಮಗ ಭಾನುವಾರ ರಾತ್ರಿ ಫೋನು ಮಾಡಿದಾಗ ಅವಳು, "ತಮ್ಮ ನಿನ್ನನ್ನು ಕೇಳ್ತಾ ಇದ್ದ ಮಗಾ, ಈ ಸಲ ದೈವದ ಕೋಲಕ್ಕೆ ಬರ್ಬೇಕಂತೆ" ಎನ್ನುತ್ತಾಳೆ. ತಮ್ಮ ಕೇಳಿರುವುದಿಲ್ಲ. ಉಡುಪಿಯ ಅಂಗಡಿಯಲ್ಲಿ ತಾನೇ ಕೊಂಡ ಅಂಗಿಯನ್ನು, ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, "ಅಣ್ಣ ಕಳಿಸಿದ್ದು" ಎಂದು ಕಿರಿಯವನಿಗೆ ಕೊಡುತ್ತಾಳೆ. ಇದನ್ನು ಬರೆದ ದಿನ ನನಗೆ ನನ್ನ ಅಮ್ಮನೇ ಎದುರಿಗೆ ಬಂದು ನಿಂತ ಹಾಗಾಯಿತು. ಮನೆಯನ್ನು ಒಡೆಯುವುದು ದುಃಖವಲ್ಲ, ಅವಳು ಕಟ್ಟಿ ತಂದ ಪ್ರೀತಿಯ ಮಾತುಗಳು ಒಂದೇ ದಿನದಲ್ಲಿ ನಿಂತುಹೋಗುವುದು ಎಂದು ನನಗೆ ಖಚಿತವಾಯಿತು.

ಆದ್ದರಿಂದ ಸಾವನ್ನು ಮೊದಲ ಪುಟದಿಂದ ತೆಗೆದೆ. ವರ್ಜೀನಿಯಾ ವೂಲ್ಫ್ 1927ರಲ್ಲಿ ಪ್ರಕಟಿಸಿದ 'ಟು ದ ಲೈಟ್‌ಹೌಸ್' ಕಾದಂಬರಿಯಲ್ಲಿ ಶ್ರೀಮತಿ ರಾಮ್ಸೆಯ ಸಾವು ನಡುವಣ ಭಾಗದಲ್ಲಿ, ಆವರಣ ಚಿಹ್ನೆಯೊಳಗಿನ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಅವಳು ಊಟದ ಮೇಜಿನ ಸುತ್ತ ಎಲ್ಲರನ್ನೂ ಒಂದುಗೂಡಿಸಿದ್ದನ್ನು ಮೊದಲ ಭಾಗದಲ್ಲಿ ಕಂಡ ಓದುಗನಿಗೆ ಆ ಒಂದು ವಾಕ್ಯವೇ ಎದೆಗೆ ಬಡಿಯುತ್ತದೆ. ನಾನೂ ಕಾದಂಬರಿಯ ಅರ್ಧದಷ್ಟನ್ನು ತಾಯಿಯ ಬದುಕಿಗೆ ಬಿಟ್ಟುಕೊಟ್ಟೆ, ಸಾವನ್ನು ಎರಡು ಸಾಲಿನಲ್ಲಿ ಹೇಳಿದೆ.

ತಂದೆಯ ಪಾತ್ರ ಮಾತ್ರ ಬಹಳ ಕಾಲ ಕೈಗೆ ಸಿಗಲಿಲ್ಲ. ಮನೆಯೂ ಗದ್ದೆಯೂ ಹೆಂಡತಿಗೆ ಅವಳ ತಾಯಿಯಿಂದ ಬಂದವು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 17ನೆಯ ಕಲಮನ್ನು ವಕೀಲರೊಬ್ಬರು ಬಿಡಿಸಿ ಹೇಳಿದಾಗ ನಾನು ಸುಮ್ಮನೆ ಕುಳಿತುಬಿಟ್ಟೆ: ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನ ಪದ್ಧತಿಗೆ ಒಳಪಟ್ಟಿದ್ದ ಕುಟುಂಬದ ಹೆಂಗಸು ವೀಲುನಾಮೆ ಬರೆಯದೆ ತೀರಿಕೊಂಡರೆ ಅವಳ ಆಸ್ತಿ ಮೊದಲು ಮಕ್ಕಳಿಗೂ ಅವಳ ತಾಯಿಗೂ ಸೇರುತ್ತದೆ, ಗಂಡನ ಸರದಿ ಅವರಾರೂ ಇಲ್ಲದಿದ್ದಾಗ ಮಾತ್ರ. ನಲವತ್ತು ವರ್ಷ ಉತ್ತು ಬಿತ್ತಿದ ಗದ್ದೆಯ ನಡುವೆ ಆ ಮುದುಕ ಒಂದೇ ರಾತ್ರಿಯಲ್ಲಿ ಮಕ್ಕಳ ಮನೆಯ ನೆಂಟನಾಗುತ್ತಾನೆ. ಪಾಲಿನ ಜಗಳವನ್ನು ನಾನು ಹೆಚ್ಚು ಬೆಳೆಸಲಿಲ್ಲ. ಅಂಥ ಜಗಳಗಳನ್ನು ನಮ್ಮ ಓದುಗರು ಸಾಕಷ್ಟು ಕಂಡಿದ್ದಾರೆ.

ಹೆಚ್ಚು ಸಲ ತಿದ್ದಿದ್ದು ಬೊಜ್ಜದ, ಅಂದರೆ ತಾಯಿಯ ಉತ್ತರಕ್ರಿಯೆಯ, ರಾತ್ರಿಯ ದೃಶ್ಯವನ್ನು. ನೆಂಟರೆಲ್ಲ ಹೋದ ಮೇಲೆ ಚಾವಡಿಯಲ್ಲಿ ಹಿರಿಯವನು, "ಪ್ರತಿ ವರ್ಷ ನೀನು ಕೋಲಕ್ಕೆ ಕರೀತಿದ್ದೆ, ನಾನೇ ಬರ್ಲಿಲ್ಲ" ಎನ್ನುತ್ತಾನೆ. "ನಾನು ಯಾವಾಗ ಕರ್ದೆ ಅಣ್ಣ?" ಎನ್ನುತ್ತಾನೆ ಕಿರಿಯವನು. ಸ್ವಲ್ಪ ಹೊತ್ತಿನ ಮೇಲೆ ಅಂಗಿಯ ಮಾತೂ ಬರುತ್ತದೆ. ಹಿಂದಿನ ಕರಡುಗಳಲ್ಲಿ ಇಬ್ಬರೂ ಇಲ್ಲಿ ಕೂಗಾಡುತ್ತಿದ್ದರು. ಈಗ ಇಬ್ಬರೂ ಮಾತು ನಿಲ್ಲಿಸುತ್ತಾರೆ. ಅಂಗಿ ಕೊಳ್ಳುವಾಗ ಹೆಂಡತಿಯ ಜೊತೆಗೆ ಅಂಗಡಿಗೆ ಹೋಗಿದ್ದ ತಂದೆ ಮೂಲೆಯ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ಹೇಳಬೇಕೆಂದು ಬಾಯಿ ತೆರೆಯುತ್ತಾನೆ. ಮಕ್ಕಳಿಗೆ ಹೇಳಬೇಕಾದುದನ್ನೆಲ್ಲ ಅವನು ಇಷ್ಟು ವರ್ಷ ಅವಳ ಕೈಯಲ್ಲೇ ಹೇಳಿಸುತ್ತಿದ್ದ.