ಬಾಣ ಬಿಡಿ, ಹೊರಗಿನ ಎಲೆಕ್ಟ್ರಾನ್ ನೋಡಿ

ನಾನು ಓದುವಾಗ ಆವರ್ತ ಕೋಷ್ಟಕದ ಸುತ್ತ ಬಾಣ ಬರೆದು ಬಾಯಿಪಾಠ ಮಾಡಿದ್ದೆ. ಪರಮಾಣು ಗಾತ್ರ ಹೆಚ್ಚುವುದಕ್ಕೆ ಎಡಕ್ಕೊಂದು ಬಾಣ, ಅಯಾನೀಕರಣ ಶಕ್ತಿ (ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ) ಹೆಚ್ಚುವುದಕ್ಕೆ ಬಲಕ್ಕೊಂದು. ಪರೀಕ್ಷೆಯಲ್ಲಿ ರಂಜಕ ಮತ್ತು ಗಂಧಕದಲ್ಲಿ ಯಾವುದರ ಅಯಾನೀಕರಣ ಶಕ್ತಿ ಜಾಸ್ತಿ ಅಂತ ಕೇಳಿದರು. ಬಾಣ ನಂಬಿ ಗಂಧಕ ಅಂತ ಬರೆದೆ. ತಪ್ಪಾಯಿತು. ಈಗ ಮಕ್ಕಳಿಗೆ ಪಾಠ ಹೇಳುವಾಗ ನಾನು ಬಾಣದಿಂದ ಶುರು ಮಾಡುವುದೇ ಇಲ್ಲ.

ಎರಡು ಧಾತು ಕೊಟ್ಟರೆ ಮೊದಲು ಎಲೆಕ್ಟ್ರಾನ್ ವಿನ್ಯಾಸ, ಅಂದರೆ ಯಾವ ಕವಚದಲ್ಲಿ ಎಷ್ಟು ಎಲೆಕ್ಟ್ರಾನ್ ಇವೆ ಅಂತ, ಬರೆಯಿರಿ. ಆಮೇಲೆ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಹೊರಗಿನ ಎಲೆಕ್ಟ್ರಾನ್ ಎಷ್ಟನೇ ಕವಚದಲ್ಲಿದೆ? ನ್ಯೂಕ್ಲಿಯಸ್‌ನ ಸೆಳೆತ ಅದಕ್ಕೆ ಎಷ್ಟು ತಟ್ಟುತ್ತಿದೆ?

ಸೋಡಿಯಂ, ಕ್ಲೋರಿನ್ ತೆಗೆದುಕೊಳ್ಳಿ. ಎರಡಕ್ಕೂ ಹೊರಗಿನದು ಮೂರನೇ ಕವಚ. ಒಳಗೆ ಅಡ್ಡ ನಿಂತ ಎಲೆಕ್ಟ್ರಾನ್‌ಗಳು ಎರಡರಲ್ಲೂ 10. ಆದರೆ ಪ್ರೋಟಾನ್ ಸೋಡಿಯಂನಲ್ಲಿ 11, ಕ್ಲೋರಿನ್‌ನಲ್ಲಿ 17. ಎಲೆಕ್ಟ್ರಾನ್ ಜಾಸ್ತಿಯಾದರೆ ಪರಮಾಣು ದಪ್ಪ ಆಗಬೇಕಲ್ವಾ ಅಂತ ಪ್ರತಿ ತರಗತಿಯಲ್ಲೂ ಯಾರಾದರೂ ಕೇಳುತ್ತಾರೆ. ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಒಂದೇ ಕವಚದಲ್ಲಿರುವ ಎಲೆಕ್ಟ್ರಾನ್‌ಗಳು ಒಂದಕ್ಕೊಂದು ಅಷ್ಟಾಗಿ ಅಡ್ಡ ಬರುವುದಿಲ್ಲ. ಹಾಗಾಗಿ ಸೆಳೆತ ಗೆಲ್ಲುತ್ತದೆ. ಸೋಡಿಯಂ ತ್ರಿಜ್ಯ ಸುಮಾರು 186 ಪಿಕೋಮೀಟರ್, ಕ್ಲೋರಿನ್‌ದು 99. ಲೋಹ ಮತ್ತು ಅಲೋಹದ ತ್ರಿಜ್ಯ ಅಳೆಯುವ ರೀತಿ ಬೇರೆ, ಆದರೂ ಅಂತರ ದೊಡ್ಡದೇ.

ಕೆಳಗಿಳಿದರೆ ಕೆಲಸ ಸುಲಭ. ಪ್ರತಿ ಸಾಲಿಗೂ ಹೊಸ ಕವಚ ಬರುತ್ತದೆ, ಎಲೆಕ್ಟ್ರಾನ್ ದೂರವಾಗುತ್ತದೆ. ಅಯಾನೀಕರಣ ಶಕ್ತಿ ಲಿಥಿಯಂಗೆ ಮೋಲ್‌ಗೆ 520 ಕಿಲೋಜೂಲ್, ಸೀಸಿಯಂಗೆ ಬರೀ 376. ವಿದ್ಯುದೃಣತ್ವಕ್ಕೂ, ಅಂದರೆ ಬಂಧದಲ್ಲಿರುವ ಎಲೆಕ್ಟ್ರಾನ್‌ಗಳನ್ನು ಪರಮಾಣು ತನ್ನತ್ತ ಸೆಳೆಯುವ ಗುಣಕ್ಕೂ, ಇದೇ ಲೆಕ್ಕ. ಪೌಲಿಂಗ್ ಮಾಪಕದಲ್ಲಿ ಫ್ಲೋರಿನ್ 3.98, ಸೀಸಿಯಂ 0.79.

ಈಗ ನನ್ನನ್ನು ಕೆಡವಿದ ಜಾಗಕ್ಕೆ ಬರೋಣ. ಗ್ರಾಫ್ ಹಾಳೆಯಲ್ಲಿ ಅಯಾನೀಕರಣ ಶಕ್ತಿಯ ಈ ಎಂಟು ಅಂಕಿ ಗುರುತಿಸಿ: ಸೋಡಿಯಂ 496, ಮೆಗ್ನೀಷಿಯಂ 738, ಅಲ್ಯೂಮಿನಿಯಂ 578, ಸಿಲಿಕಾನ್ 786, ರಂಜಕ 1012, ಗಂಧಕ 1000, ಕ್ಲೋರಿನ್ 1251, ಆರ್ಗಾನ್ 1521. ಗೆರೆ ಎಳೆದರೆ ಎರಡು ಕಡೆ ತಗ್ಗು ಕಾಣುತ್ತದೆ. ಸುಮ್ನೆ ನೋಡಿ ಬಿಡಬೇಡಿ, ಅಲ್ಲಿ ಪೆನ್ಸಿಲ್ ನಿಲ್ಲಿಸಿ ವಿನ್ಯಾಸ ಬರೆಯಿರಿ. ಕವಚದೊಳಗೆ ಎಸ್, ಪಿ ಎಂಬ ಉಪಕವಚಗಳಿವೆ. ಅಲ್ಯೂಮಿನಿಯಂನ ಕೊನೆಯ ಎಲೆಕ್ಟ್ರಾನ್ ಮೂರನೇ ಕವಚದ ಪಿ, ಅಂದರೆ 3ಪಿಯಲ್ಲಿದೆ. ಅದರ ಶಕ್ತಿಮಟ್ಟ ಮೆಗ್ನೀಷಿಯಂನ ಕೊನೆಯ ಎಲೆಕ್ಟ್ರಾನ್ ಇರುವ 3ಎಸ್‌ಗಿಂತ ಮೇಲೆ, ಹಾಗಾಗಿ ಬೇಗ ಕಿತ್ತು ಬರುತ್ತದೆ. ರಂಜಕದ ಮೂರು ಪಿ ಆರ್ಬಿಟಲ್‌ಗಳಲ್ಲಿ (ತಲಾ ಎರಡು ಎಲೆಕ್ಟ್ರಾನ್ ಹಿಡಿಸುವ ಜಾಗಗಳಲ್ಲಿ) ಒಂದೊಂದೇ ಎಲೆಕ್ಟ್ರಾನ್. ಗಂಧಕದ ನಾಲ್ಕನೆಯದು ಇನ್ನೊಂದರ ಜೊತೆ ಒಂದೇ ಆರ್ಬಿಟಲ್‌ನಲ್ಲಿ ಇರಬೇಕು. ಎರಡೂ ಋಣ ವಿದ್ಯುದಂಶ, ಒಂದನ್ನೊಂದು ತಳ್ಳುತ್ತವೆ. ಅಂಥದ್ದನ್ನು ಕೀಳಲು ಕಡಿಮೆ ಶಕ್ತಿ ಸಾಕು. ಮೇಲಿನ ಸಾಲಿನ ಸಾರಜನಕ, ಆಮ್ಲಜನಕದಲ್ಲೂ ಇದೇ ಕಥೆ: 1402, 1314.

ಅಭ್ಯಾಸಕ್ಕೆ ಒಂದು ಕೊಡುತ್ತೇನೆ. ಆಕ್ಸೈಡ್, ಫ್ಲೋರೈಡ್, ಸೋಡಿಯಂ, ಮೆಗ್ನೀಷಿಯಂ ಅಯಾನುಗಳನ್ನು (ಎಲೆಕ್ಟ್ರಾನ್ ಪಡೆದ ಇಲ್ಲವೇ ಕಳೆದುಕೊಂಡ ಪರಮಾಣುಗಳನ್ನು) ಗಾತ್ರದ ಪ್ರಕಾರ ಜೋಡಿಸಿ. ನಾಲ್ಕರಲ್ಲೂ ಎಲೆಕ್ಟ್ರಾನ್ 10. ಪ್ರೋಟಾನ್ ಮಾತ್ರ ಎಣಿಸಿ. 8 ಇರುವ ಆಕ್ಸೈಡ್ ಎಲ್ಲಕ್ಕಿಂತ ದೊಡ್ಡದು, 12 ಇರುವ ಮೆಗ್ನೀಷಿಯಂ ಎಲ್ಲಕ್ಕಿಂತ ಚಿಕ್ಕದು.