ಪ್ರುಷ್ಕುಫ್‌ಗೆ ಹೊಸದಾಗಿ ಬಂದವರಿಗೆ: ಮನೆ, ರೈಲು, ಅಡುಗೆಮನೆಯ ಲೆಕ್ಕ

ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಕೆಲಸ ಸಿಕ್ಕಿದೆ, ಆದರೆ ಅಲ್ಲಿನ ಬಾಡಿಗೆ ಕೇಳಿ ಎದೆ ಧಸಕ್ಕೆಂದಿದೆ. ನಮ್ಮ ಬಳಗಕ್ಕೆ ಬರುವ ಫೋನುಗಳು ಹೆಚ್ಚಾಗಿ ಶುರುವಾಗುವುದೇ ಹೀಗೆ. ಆಗ ನಾವು ಹೇಳುವುದು ಇಷ್ಟೇ: ಹಳಿ ಹಿಡಿದು ಸ್ವಲ್ಪ ಆಚೆಗೆ ನೋಡಿ. ವಾರ್ಸಾದಿಂದ ನೈಋತ್ಯಕ್ಕೆ ಸುಮಾರು 15 ಕಿ.ಮೀ. ಹೋದರೆ ಪ್ರುಷ್ಕುಫ್. ಇನ್ನೂ ಮುಂದೆ ಗ್ರೋಜಿಸ್ಕ್. ಬೆಳಗ್ಗೆ ರೈಲು ಹತ್ತಿ ರಾಜಧಾನಿಗೆ ಹೋಗಿ ಸಂಜೆ ಮನೆಗೆ ಮರಳುವವರ ಊರುಗಳಿವು.

ಆದರೆ ಬಾಡಿಗೆ ಕಡಿಮೆ ಎಂದು ಬಂದು, ಉಳಿದ ದುಡ್ಡನ್ನು ಬೇರೆ ದಾರಿಯಲ್ಲಿ ಕಳೆದುಕೊಂಡವರು ನಮ್ಮಲ್ಲೇ ಇದ್ದಾರೆ. ನಿಮಗೆ ಹಾಗಾಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಬಾಡಿಗೆ ಎಂದರೆ ಒಂದು ಅಂಕಿಯಲ್ಲ

ಜಾಹೀರಾತಿನಲ್ಲಿ 2,600 ಜ್ಲೋಟಿ ಎಂದು ದಪ್ಪಕ್ಷರದಲ್ಲಿ ಇರುತ್ತದೆ ಅಂತಿಟ್ಟುಕೊಳ್ಳಿ. ಅದರ ಕೆಳಗೆ ಸಣ್ಣದಾಗಿ ‘ಚಿನ್ಶ್ 750, ಜೊತೆಗೆ ಮೇದ್ಯಾ’ ಎಂದಿರುತ್ತದೆ. ಮೊದಲ ಅಂಕಿ ಮಾಲೀಕರ ಕೈಗೆ ಹೋಗುವುದು. ಚಿನ್ಶ್ ಎಂದರೆ ಇಡೀ ಕಟ್ಟಡದ ನಿರ್ವಹಣೆಗೆ ಕಟ್ಟುವುದು. ಮೇದ್ಯಾ ಎಂದರೆ ಕರೆಂಟು, ಗ್ಯಾಸು, ಕೆಲವು ಕಡೆ ನೀರು ಕೂಡ. ಮೂರನ್ನೂ ಕೂಡಿಸಿದರೆ ಮಾತ್ರ ನಿಜವಾದ ಬಾಡಿಗೆ ಗೊತ್ತಾಗುತ್ತದೆ. ಕೆಲವು ಮಾಲೀಕರು ತಮ್ಮ ಬಾಡಿಗೆಯನ್ನೇ ಚಿನ್ಶ್ ಎನ್ನುತ್ತಾರೆ. ಹಾಗಾಗಿ ‘ತಿಂಗಳಿಗೆ ಒಟ್ಟು ಎಷ್ಟು ಕಟ್ಟಬೇಕು?’ ಎಂದು ಬರವಣಿಗೆಯಲ್ಲೇ ಕೇಳಿ.

ಇನ್ನೊಂದು ವಿಷಯ ಬಿಸಿಗೆ ಸಂಬಂಧಿಸಿದ್ದು. ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಊರಿನ ಕೇಂದ್ರ ವ್ಯವಸ್ಥೆಯಿಂದ ಬಿಸಿನೀರು ಕೋಣೆ ಬೆಚ್ಚಗಿಡುವ ರೇಡಿಯೇಟರಿಗೆ ಬರುತ್ತದೆ. ಅದರ ಅಂದಾಜು ಹಣ ಚಿನ್ಶ್‌ನಲ್ಲೇ ಸೇರಿರುತ್ತದೆ. ಅದು ಬರೀ ಅಂದಾಜು, ನೆನಪಿಡಿ! ವರ್ಷಕ್ಕೊಮ್ಮೆ ನಿಜವಾದ ಲೆಕ್ಕ ಹಾಕುತ್ತಾರೆ. ನಮ್ಮ ಮೊದಲ ಚಳಿಗಾಲದಲ್ಲಿ ಮಗುವಿಗೆ ಶೀತವಾದೀತೆಂದು ಎಲ್ಲ ರೇಡಿಯೇಟರುಗಳ ಗುಬುಟನ್ನೂ ಅತಿ ಹೆಚ್ಚಿನ 5ಕ್ಕೆ ತಿರುಗಿಸಿ, ಸೆಕೆಯಾದಾಗ ಕಿಟಕಿ ತೆರೆದಿಡುತ್ತಿದ್ದೆವು. ರೇಡಿಯೇಟರಿನ ಮೈಗೆ ಅಂಟಿಸಿದ್ದ ಬಿಳಿ ಪಟ್ಟಿಯಂಥ ಸಣ್ಣ ಮೀಟರು ಅಷ್ಟನ್ನೂ ಎಣಿಸುತ್ತಿತ್ತು. ಬೇಸಿಗೆಯಲ್ಲಿ ಬಾಕಿಯ ಕಾಗದ ಬಂದಾಗ ಊರಿಗೆ ಹೋಗಲು ಎತ್ತಿಟ್ಟಿದ್ದ ದುಡ್ಡಿಗೆ ಕೈ ಹಾಕಬೇಕಾಯಿತು. ಈಗ 2 ಅಥವಾ 3ರಲ್ಲಿ ಇಡುತ್ತೇವೆ. ಗಾಳಿ ಬೇಕೆಂದರೆ ರೇಡಿಯೇಟರನ್ನು ಆರಿಸಿ, ಐದು ನಿಮಿಷ ಕಿಟಕಿ ಪೂರ್ತಿ ತೆರೆದು ಮುಚ್ಚುತ್ತೇವೆ. ಮನೆಯ ಬಿಸಿ ಬರೀ ಕರೆಂಟಿನಿಂದ ಎಂದರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಹಿಂದಿನ ಚಳಿಗಾಲದ ಬಿಲ್ಲು ನೋಡದೆ ಒಪ್ಪಬೇಡಿ.

ಕೀ ತೆಗೆದುಕೊಳ್ಳುವ ದಿನ ಎಲ್ಲ ಮೀಟರುಗಳ ಫೋಟೊ ತೆಗೆಯಿರಿ. ಗೋಡೆಯ ಕಲೆ, ಸೋಫಾದ ಹರಕು, ಒಡೆದ ಟೈಲ್ಸ್ ಎಲ್ಲದರದ್ದೂ ಇರಲಿ. ಮನೆ ಬಿಡುವಾಗ ಅಡ್ವಾನ್ಸ್ ವಾಪಸ್ ಬರಲು ನಿಮಗಿರುವ ಆಧಾರ ಅದೇ. ಅಡ್ವಾನ್ಸಿಗೆ ಇಲ್ಲಿ ‘ಕಾವ್‌ತ್ಸ್ಯಾ’ ಎನ್ನುತ್ತಾರೆ. ಸಾಮಾನ್ಯವಾಗಿ ಒಂದೆರಡು ತಿಂಗಳ ಬಾಡಿಗೆಯಷ್ಟು.

ವಿದೇಶಿಯರಿಗೆ ತೊಡಕಾಗುವುದು ‘ನಾಯೆಮ್ ಒಕಾಜ್ಯೊನಾಲ್ನಿ’ ಎಂಬ ಕರಾರು. ಕರಾರು ಮುಗಿದ ಮೇಲೆ ಮನೆ ಖಾಲಿ ಮಾಡುತ್ತೇನೆಂದು ನೋಟರಿ ಮುಂದೆ ಬರೆದುಕೊಡಬೇಕು. ಆಗ ಹೋಗಿ ಇರಬಹುದಾದ ಇನ್ನೊಂದು ಮನೆಯ ವಿಳಾಸವನ್ನೂ ಕೊಡಬೇಕು. ಆ ಮನೆಯವರ ಒಪ್ಪಿಗೆಯೂ ಬೇಕು. ನಿನ್ನೆ ಮೊನ್ನೆ ಬಂದವರಿಗೆ ಇನ್ನೊಂದು ಮನೆ ಎಲ್ಲಿಂದ ಬರಬೇಕು ಅಲ್ವಾ? ಹಾಗಾಗಿ ಎಂಥ ಕರಾರು, ನೋಟರಿ ಖರ್ಚು ಯಾರದ್ದು ಎಂದು ಮನೆ ನೋಡುವ ಮೊದಲೇ ಕೇಳಿ.

ವಿಳಾಸದ ನೋಂದಣಿಗೆ ಬಾಡಿಗೆ ಕರಾರು ಅಥವಾ ಮಾಲೀಕರ ಸಹಿ ಬೇಕಾಗುತ್ತದೆ. ಅದಕ್ಕೆ ‘ಮೆಲ್ದೂನೆಕ್’ ಎನ್ನುತ್ತಾರೆ. 30 ದಿನಕ್ಕಿಂತ ಹೆಚ್ಚು ಇರಲು ಬಂದ ನಮ್ಮಂಥವರು ಮನೆ ಸೇರಿ ನಾಲ್ಕನೇ ದಿನದೊಳಗೆ ಇಲ್ಲಿನ ನಗರಸಭೆ ಕಚೇರಿಯಲ್ಲಿ ಇದನ್ನು ಮಾಡಿಸಬೇಕು. ಪೆಸೆಲ್ ಎಂಬ ಗುರುತಿನ ಸಂಖ್ಯೆ ಇದರ ಜೊತೆಗೇ ಸಿಗುತ್ತದೆ. ಡಾಕ್ಟರು, ಶಾಲೆ, ತೆರಿಗೆ ಎಲ್ಲ ಕಡೆಯೂ ಆ ಹನ್ನೊಂದು ಅಂಕಿ ಕೇಳುತ್ತಾರೆ. ‘ಮೆಲ್ದೂನೆಕ್ ಕೊಡಲ್ಲ’ ಎನ್ನುವ ಮಾಲೀಕರ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ಸ್ಟೇಷನ್ನಿಗೆ ನಡೆದೇ ನೋಡಿ

ಪ್ರುಷ್ಕುಫ್‌ನಿಂದ ಮೂರು ಬಗೆಯ ರೈಲುಗಳಿವೆ: ಪ್ರಾಂತ್ಯದ ರೈಲಾದ ಕೊಲೆಯೆ ಮಜೊವ್ಯೆತ್ಸ್ಕ್ಯೆ, ವಾರ್ಸಾ ನಗರದ ರೈಲಾದ ಎಸ್‌ಕೆಎಮ್, ಮತ್ತೆ 1927ರಿಂದ ತನ್ನದೇ ಹಳಿಯಲ್ಲಿ ಓಡುತ್ತಿರುವ ಸಣ್ಣ ರೈಲು ಡಬ್ಲ್ಯುಕೆಡಿ. ಡಬ್ಲ್ಯುಕೆಡಿ ಸ್ಟೇಷನ್ ಬೇರೆ ಕಡೆ ಇದೆ, ಗಮನಿಸಿ. ಊರು ವಾರ್ಸಾ ಸಾರಿಗೆಯ 2ನೇ ವಲಯದಲ್ಲಿ ಬರುತ್ತದೆ. ಎರಡೂ ವಲಯದ ಪಾಸ್ ಮಾಡಿಸಿಕೊಂಡರೆ ಮೊದಲೆರಡು ಬಗೆಯ ರೈಲು, ನಗರದ ಮೆಟ್ರೊ, ಟ್ರಾಮ್, ಬಸ್ಸು ಎಲ್ಲಕ್ಕೂ ನಡೆಯುತ್ತದೆ. ದಿನದ ಲೆಕ್ಕ ಹಾಕಿದರೆ 30 ದಿನದ್ದಕ್ಕಿಂತ 90 ದಿನದ ಪಾಸ್ ಅಗ್ಗ. ಡಬ್ಲ್ಯುಕೆಡಿಯ ಟಿಕೆಟ್ ಪದ್ಧತಿಯೇ ಬೇರೆ, ಅದನ್ನು ಪ್ರತ್ಯೇಕವಾಗಿ ವಿಚಾರಿಸಿ.

ಡಿಸೆಂಬರಿನಲ್ಲಿ ಮೂರೂವರೆಗೇ ಕತ್ತಲಾಗುತ್ತದೆ. ಸ್ಟೇಷನ್ನಿನಿಂದ ಹದಿನೈದು ನಿಮಿಷಕ್ಕಿಂತ ದೂರದ ಮನೆಯಾದರೆ ಮಂಜಿನಲ್ಲಿ ನಡೆಯಲಾರದೆ ಕಾರು ಕೊಳ್ಳುತ್ತೀರಿ. ಬಾಡಿಗೆಯಲ್ಲಿ ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು.

ಅಡುಗೆಮನೆ

ಇಂಡಿಯನ್ ಅಂಗಡಿಗೆ ತಿಂಗಳಿಗೊಮ್ಮೆ ಹೋದರೆ ಸಾಕು. ತೊಗರಿಬೇಳೆ, ಹುಣಸೆಹಣ್ಣು, ಇಂಗು, ಸಾಸಿವೆ, ಉದ್ದಿನಬೇಳೆಗೆ ಮಾತ್ರ. ಉಳಿದದ್ದು ಬ್ಯೆದ್ರೊಂಕಾ, ಲಿಡ್ಲ್‌ನಂಥ ಇಲ್ಲಿನ ಸೂಪರ್‌ಮಾರ್ಕೆಟುಗಳಲ್ಲೇ ಸಿಗುತ್ತದೆ. ಹೆಸರು ಗೊತ್ತಿರಬೇಕು ಅಷ್ಟೇ.

ಕಾಶಾ ಮನ್ನಾ ಎಂದರೆ ಸಣ್ಣ ರವೆ. ಕೇಸರಿಬಾತಿಗೆ ಚೆನ್ನ. ಉಪ್ಪಿಟ್ಟಿಗಾದರೆ ಸ್ವಲ್ಪ ಜಾಸ್ತಿ ಹುರಿಯಿರಿ. ಕಾಶಾ ಯಗ್ಲಾನಾ ನಮ್ಮ ಬರಗು. ಊರಲ್ಲಿ ಸಿರಿಧಾನ್ಯ ಎಂದು ದುಬಾರಿ ಕೊಟ್ಟು ತರುವುದು ಇಲ್ಲಿ ದಿನಬಳಕೆಯ ಸಾಮಾನು. ಮಶ್ಲಾಂಕಾ ಎಂದರೆ ಮಜ್ಜಿಗೆ. ಕೆಂಪು ಸೊಚೆವಿತ್ಸಾ ಮಸೂರ್ ಬೇಳೆ, ದಿನದ ಸಾರಿಗೆ ಧಾರಾಳ ಸಾಕು. ಕಲರೆಪಾ ನವಿಲುಕೋಸು.

ಇನ್ನು ಕೊಪೆರ್! ನಾನು ಬಂದ ಹೊಸತರಲ್ಲಿ ಸಂತೆಯಲ್ಲಿ ಒಬ್ಬ ಅಜ್ಜಿ ಒದ್ದೆ ಕಟ್ಟೊಂದನ್ನು ಕೊಡವಿ ಪೇಪರಿನಲ್ಲಿ ಸುತ್ತುತ್ತಿದ್ದರು. ಆ ವಾಸನೆಗೆ ಕಾಲು ಅಲ್ಲೇ ನಿಂತಿತು. ಸಬ್ಬಸಿಗೆ ಸೊಪ್ಪು! ಇಲ್ಲಿಯವರು ಆಲೂಗಡ್ಡೆ, ಸೂಪು, ಸೌತೆಕಾಯಿ ಎಲ್ಲಕ್ಕೂ ಅದನ್ನು ಉದುರಿಸುತ್ತಾರೆ. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಸಬ್ಬಸಿಗೆ ಹಾಕಿದ ಅಕ್ಕಿರೊಟ್ಟಿ. ದೋಸೆಹಿಟ್ಟು ಚಳಿಗಾಲದಲ್ಲಿ ಹುಳಿ ಬರುವುದಿಲ್ಲ ಎಂದು ಕೊರಗಬೇಡಿ. ಪಾತ್ರೆಗೆ ಟವೆಲ್ ಸುತ್ತಿ ರೇಡಿಯೇಟರಿನ ಪಕ್ಕ ಇಡಿ, ಬೆಳಗ್ಗೆ ಉಬ್ಬಿರುತ್ತದೆ.

ಹೆಚ್ಚಿನ ಭಾನುವಾರಗಳಲ್ಲಿ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಸಾಮಾನು ತಂದಿಡಿ. ಭಾನುವಾರ ತೆರೆದಿರುವ ಝಾಪ್ಕಾ ಎಂಬ ಸಣ್ಣ ಅಂಗಡಿಯಲ್ಲಿ ಅದೇ ಹಾಲಿಗೆ ಜಾಸ್ತಿ ಕೊಡಬೇಕಾಗುತ್ತದೆ. ಖಾಲಿ ಬಾಟಲಿ ಎಸೆಯಬೇಡಿ. 2025ರ ಅಕ್ಟೋಬರಿನಿಂದ ಡೆಪಾಸಿಟ್ ಗುರುತಿರುವ ಪ್ಲಾಸ್ಟಿಕ್ ಬಾಟಲಿ, ಪಾನೀಯದ ಲೋಹದ ಡಬ್ಬಿಗಳಿಗೆ ತಲಾ 50 ಗ್ರೋಶಿ, ಅಂದರೆ ಅರ್ಧ ಜ್ಲೋಟಿ ವಾಪಸ್ ಸಿಗುತ್ತದೆ. ಜಜ್ಜದೆ ಕೊಡಬೇಕು.

ಡಾಕ್ಟರು, ಮಕ್ಕಳು

ನಿಮ್ಮ ಸಂಬಳದಿಂದ ಆರೋಗ್ಯ ವಿಮೆ ಕಡಿತವಾಗುತ್ತಿದ್ದರೆ ಹೆಂಡತಿ ಅಥವಾ ಗಂಡ, ಮಕ್ಕಳನ್ನು ಬೇರೆ ದುಡ್ಡಿಲ್ಲದೆ ಅದಕ್ಕೆ ಸೇರಿಸಬಹುದು. ಆದರೆ ತಾನಾಗೇ ಆಗುವುದಿಲ್ಲ. ಆಫೀಸಿನಲ್ಲಿ ನೀವೇ ಹೇಳಿ ಸೇರಿಸಬೇಕು. ಇದನ್ನು ತಿಳಿಯದೆ ಖಾಸಗಿ ಡಾಕ್ಟರಿಗೆ ದುಡ್ಡು ಸುರಿದ ಮನೆಗಳನ್ನು ಕಂಡಿದ್ದೇನೆ. ಸಂಜೆ 6ರ ನಂತರ ಮಗುವಿಗೆ ಜ್ವರ ಬಂದರೆ ರಾತ್ರಿಯ ಉಚಿತ ಕ್ಲಿನಿಕ್ ಇದೆ. ಅದರ ವಿಳಾಸ ಇವತ್ತೇ ಬರೆದಿಟ್ಟುಕೊಳ್ಳಿ. ತುರ್ತಿಗೆ 112.

ಸರ್ಕಾರಿ ಶಾಲೆಗೆ ಫೀಸಿಲ್ಲ. ಭಾಷೆ ಬಾರದ ಮಕ್ಕಳಿಗೆ ಪೋಲಿಷ್ ಪಾಠವನ್ನೂ ಬೇರೆಯಾಗಿ ಹೇಳಿಕೊಡುತ್ತಾರೆ. ಧೈರ್ಯವಾಗಿ ಸೇರಿಸಿ.

ಇನ್ನೂ ಊರಲ್ಲೇ ಇದ್ದೀರಾ?

ಹಾಗಾದರೆ ಮದುವೆಯ ಸರ್ಟಿಫಿಕೇಟು, ಮಕ್ಕಳ ಜನನ ಪತ್ರಕ್ಕೆ ಅಲ್ಲೇ ಅಪೊಸ್ಟಿಲ್, ಅಂದರೆ ಹೊರದೇಶದಲ್ಲಿ ನಡೆಯಲು ಬೇಕಾದ ಸರ್ಕಾರಿ ದೃಢೀಕರಣ, ಮಾಡಿಸಿಕೊಂಡು ಬನ್ನಿ. ಇಲ್ಲಿಂದ ಮಾಡಿಸುವುದು ದೊಡ್ಡ ತಾಪತ್ರಯ. ಪೋಲಿಷ್ ಅನುವಾದವನ್ನು ಮಾತ್ರ ಇಲ್ಲಿನ ಪ್ರಮಾಣಿತ ಅನುವಾದಕರಿಂದಲೇ ಮಾಡಿಸಿ. ಕುಕ್ಕರ್, ಅದರ ಗ್ಯಾಸ್ಕೆಟ್ಟು ತನ್ನಿ.

ಚಳಿಯ ಕೋಟು ತರಬೇಡಿ. ಇಲ್ಲಿ ತೂಕದ ಲೆಕ್ಕದಲ್ಲಿ ಹಳೆಬಟ್ಟೆ ಮಾರುವ ಅಂಗಡಿಗಳಿವೆ, ‘ಲುಂಪೆಕ್ಸ್’ ಅಂತ. ಹೊಸ ಮಾಲು ಬಂದ ದಿನ ಬೆಲೆ ಜಾಸ್ತಿ, ಆಮೇಲೆ ದಿನದಿನಕ್ಕೂ ಇಳಿಯುತ್ತದೆ. ಮಕ್ಕಳ ದಪ್ಪ ಕೋಟು ಬೇಕಿದ್ದರೆ ಬೆಲೆ ಇಳಿಯಲಿ ಎಂದು ಕಾಯದೆ ಮೊದಲ ದಿನವೇ ಹೋಗಿ. ಒಳ್ಳೆಯವು ಮಧ್ಯಾಹ್ನದೊಳಗೇ ಖಾಲಿಯಾಗುತ್ತವೆ.