ಮನೆ ಎಸ್ಪ್ರೆಸೊಗೆ (ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿ) ಬಾಳಿಕೆ ಬರುವ ಕಾಫಿ ಗ್ರೈಂಡರ್ ಆರಿಸುವುದು ಹೇಗೆ?

ಮಿಕ್ಸಿ ತರಹ ಬ್ಲೇಡ್ ಇರುವುದು ಬೇಡವೇ ಬೇಡ, ಅದರಲ್ಲಿ ಪುಡಿ ಒಂದೇ ಸಮ ಬರುವುದಿಲ್ಲ. ಹಲ್ಲಿರುವ ಎರಡು ಚಕ್ರಗಳ ನಡುವೆ ಕಾಫಿ ಬೀಜ ಪುಡಿಯಾಗುವ ಬರ್ ಗ್ರೈಂಡರೇ ತಗೊಳ್ಳಿ. ಬರ್ ಅಂದರೆ ಆ ಚಕ್ರಗಳೇ; ಅವು ಉಕ್ಕಿನದಾದರೆ ಒಳ್ಳೆಯದು, ಬೀಜದ ಜೊತೆ ಸಣ್ಣ ಕಲ್ಲು ಸಿಕ್ಕಿದರೆ ಸೆರಾಮಿಕ್‌ನದು ಚಕ್ಕೆ ಏಳಬಹುದು.

ಎಲ್ಲಕ್ಕಿಂತ ಮುಖ್ಯ ಬಿಡಿಭಾಗ. ಬರ್ ಸವೆಯುವ ವಸ್ತು, ಇವತ್ತಲ್ಲ ನಾಳೆ ಬದಲಿಸಲೇಬೇಕು ಅಲ್ವಾ? ಹಾಗಾಗಿ ದುಡ್ಡು ಕೊಡುವ ಮೊದಲೇ ಹೊಸ ಬರ್ ಸಿಗುತ್ತದಾ, ಎಷ್ಟಾಗುತ್ತದೆ, ಮೋಟಾರ್ ಕೆಟ್ಟರೆ ನಮ್ಮೂರಲ್ಲಿ ಯಾರು ರಿಪೇರಿ ಮಾಡುತ್ತಾರೆ ಅಂತ ಕೇಳಿಬಿಡಿ. ಅಮೆರಿಕದಿಂದ ಯಾರಾದರೂ ತಂದುಕೊಡುತ್ತೇವೆ ಅಂದರೆ ವೋಲ್ಟೇಜ್ ನೋಡಿ, ಅಲ್ಲಿಯದು 120, ನಮ್ಮದು 230.

ಆಮೇಲೆ ಹೊಂದಾಣಿಕೆ. 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25–30 ಸೆಕೆಂಡಿನಲ್ಲಿ ಇಳಿಯಬೇಕಾದರೆ ಪುಡಿಯ ನುಣುಪನ್ನು ತೀರಾ ಸ್ವಲ್ಪ ಸ್ವಲ್ಪವೇ ಬದಲಿಸಲು ಆಗಬೇಕು. ನುಣುಪು ಬದಲಿಸಲು ತಿರುಗಿಸುವಾಗ ಬರುವ ಕ್ಲಿಕ್‌ಗಳ ನಡುವೆ ಅಂತರ ಜಾಸ್ತಿ ಇದ್ದರೆ ಆ ಗ್ರೈಂಡರನ್ನು ಸುಮ್ನೆ ಬಿಟ್ಟುಬಿಡಿ.

ಬಜೆಟ್ ಕಡಿಮೆಯಾ? ಎಸ್ಪ್ರೆಸೊಗೇ ಮಾಡಿದ ಕೈ ಗ್ರೈಂಡರ್ ತಗೊಳ್ಳಿ. ಸುಟ್ಟುಹೋಗಲು ಮೋಟಾರೇ ಇಲ್ಲ. ಒಳಗಿನ ಅಕ್ಷವನ್ನು ಎರಡು ಬೇರಿಂಗ್ ಹಿಡಿದಿರಬೇಕು, ಅಷ್ಟು ನೋಡಿ. ಉಕ್ಕಿನ ಬರ್ ನೀರಿನಲ್ಲಿ ತೊಳೆಯಬೇಡಿ, ತುಕ್ಕು ಹಿಡಿಯಬಹುದು. ಒಣ ಬ್ರಷ್ ಸಾಕು.